ಆ ಒಂದು ಕಾಲಂ

ಸಿಂಧನೂರಿನ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಯೊಂದರ ಮುಂದೆ ಒಬ್ಬ ಹುಡುಗ ನಿಂತಿದ್ದಾನೆ ಎಂದಿಟ್ಟುಕೊಳ್ಳಿ. ವಯಸ್ಸು ಇಪ್ಪತ್ತಾರು. ಡಿಗ್ರಿ ಮುಗಿದು ಐದು ವರ್ಷವಾಗಿದೆ. ಲಿಖಿತ ಪರೀಕ್ಷೆ ದಾಟಿದ್ದಾನೆ, ದೈಹಿಕ ಪರೀಕ್ಷೆಯನ್ನೂ ದಾಟಿದ್ದಾನೆ. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ತಾಯಿ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದಾಳೆ. ಈಗ ಕೈಯಲ್ಲಿರುವುದು ಪೊಲೀಸ್ ಪರಿಶೀಲನೆಗೆ ಕಳಿಸಬೇಕಾದ ನಮೂನೆ. ತನ್ನ ಹೆಸರು, ತಂದೆಯ ಹೆಸರು, ಓದಿದ ಶಾಲೆ, ವಾಸವಿದ್ದ ಊರು ಎಂದು ಒಂದೊಂದನ್ನೇ ತುಂಬುತ್ತ ಬಂದ ಪೆನ್ನು ಒಂದು ಕಾಲಂ ಬಳಿ ಬಂದು ನಿಂತುಬಿಟ್ಟಿದೆ.

ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೆ? ನಿಮ್ಮ ಮೇಲೆ ಮೊಕದ್ದಮೆ ನಡೆದಿತ್ತೆ? ದಂಡವಾಗಿತ್ತೆ? ಶಿಕ್ಷೆಯಾಗಿತ್ತೆ? ಈಗ ಯಾವುದಾದರೂ ಪ್ರಕರಣ ಬಾಕಿ ಇದೆಯೆ?

ಆರು ವರ್ಷದ ಹಿಂದೆ ಕಾಲುವೆ ನೀರಿನ ಸರದಿಗಾಗಿ ರಾತ್ರಿ ಹೊತ್ತು ತೂಬಿನ ಹತ್ತಿರ ಎರಡು ಮನೆತನದವರು ಕೈಕೈ ಮಿಲಾಯಿಸಿದ್ದರು. ಬೆಳಗಾಗುವಷ್ಟರಲ್ಲಿ ಠಾಣೆಯಲ್ಲಿ ದೂರು, ಅದಕ್ಕೆ ಪ್ರತಿದೂರು. ಮೊದಲ ಹೆಸರು ಕಾಕಾನದು, ಏಳನೆಯ ಹೆಸರು ಈ ಹುಡುಗನದು. ಆಮೇಲೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿಸಿ ರಾಜಿ ಮಾಡಿಸಿದರು. ಈಗ ಎರಡೂ ಮನೆಯವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಿ ಬರುತ್ತಾರೆ.

"ಇಲ್ಲಂತ ಬರಿ ತಮ್ಮಾ," ಎನ್ನುತ್ತಾನೆ ಅಂಗಡಿಯವನು, ಹಿಂದೆ ನಿಂತ ಸಾಲನ್ನು ನೋಡುತ್ತ. "ರಾಜಿ ಆಗೇತಲ್ಲ. ಅದನ್ನ ಯಾರ್ ನೋಡಾಕ ಬರ್ತಾರ?"

ಈ ಹುಡುಗನಿಗೆ ಹೆಸರಿಲ್ಲ, ಇವನು ಯಾರೊಬ್ಬನೂ ಅಲ್ಲ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಕೂತು ವಿಚಾರಿಸಿದರೂ ಇಂಥವನೊಬ್ಬನ ಸುದ್ದಿ ಹೇಳುವವರು ಸಿಗುತ್ತಾರೆ. ಅಂಗಡಿಯವನ ಸಲಹೆಯಲ್ಲಿ ಕೇಡು ಬಯಸುವ ಮನಸ್ಸೇನೂ ಇಲ್ಲ. ಆದರೂ ಕೈಗೆ ಬಂದ ನೌಕರಿಯನ್ನು ಕಳೆಯುವುದು ಎಷ್ಟೋ ಸಲ ಆ ಹಳೆಯ ಜಗಳವಲ್ಲ, "ಇಲ್ಲ" ಎಂದು ಬರೆದ ಆ ಒಂದು ಮಾತು.

ನೀರು ಬಂತು, ಜಗಳವೂ ಬಂತು

ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಗದ್ದೆಗಳಾದವು, ಊರಂಚಿನಲ್ಲಿ ಅಕ್ಕಿ ಗಿರಣಿಗಳು ಎದ್ದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಬಂಗಾಳದ ಕಡೆಯಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಹುಟ್ಟಿಕೊಂಡವು. ಎಲ್ಲಿಂದಲೋ ಬಂದವರು ಹೊಸದಾಗಿ ಬದುಕು ಕಟ್ಟಿಕೊಂಡ ನೆಲವಿದು. ನೀರಿನ ಜತೆಗೆ ನೀರಿನ ತಕರಾರೂ ಬಂತು. ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ಮುಟ್ಟದಿದ್ದಾಗ ಸಿಟ್ಟು ಮೊದಲು ತಿರುಗುವುದು ಮೇಲಿನ ಹೊಲದವನ ಮೇಲೆ.

ಜಗಳಕ್ಕೆ ಬೇರೆ ಕಾರಣಗಳೂ ಇಲ್ಲದಿಲ್ಲ. ಬದುವಿನ ತಂಟೆ, ಜಾತ್ರೆಯ ನೂಕಾಟ, ಪಂಚಾಯ್ತಿ ಚುನಾವಣೆಯ ದ್ವೇಷ, ರಸ್ತೆ ತಡೆ ಚಳವಳಿ. ಹಳ್ಳಿಯ ಗುಂಪು ಜಗಳಕ್ಕೆ ಠಾಣೆಯಲ್ಲಿ ಬೀಳುತ್ತಿದ್ದ ಕಲಂಗಳ ಸಾಲು ವಕೀಲರ ಗುಮಾಸ್ತರಿಗೆ ಬಾಯಿಪಾಠವಾಗಿತ್ತು: 143, 147, 148, 323, 324, 504, 506, ಜತೆಗೆ 149. ಅಕ್ರಮ ಕೂಟ, ದೊಂಬಿ, ಹೊಡೆತ, ಬೈಗುಳ, ಜೀವ ಬೆದರಿಕೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದು ಅಂಕಿಗಳು ಬದಲಾದವು, ಜಗಳಗಳು ಬದಲಾಗಿಲ್ಲ. ಇವುಗಳಲ್ಲಿ 149ನೆಯದು ದೊಡ್ಡ ಬಲೆ. ಒಂದೇ ಉದ್ದೇಶದಿಂದ ಕೂಡಿದ ಗುಂಪಿನಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ ಎನ್ನುವ ಕಲಂ ಅದು. ದೂರು ಕೊಡುವವರು ಸಿಟ್ಟಿನಲ್ಲಿ ಇಡೀ ಮನೆತನದ ಹೆಸರು ಹೇಳುತ್ತಾರೆ. ಬಡಿಗೆ ಹಿಡಿದವನೂ ಬಿಡಿಸಲು ಹೋದವನೂ ಒಂದೇ ಪಟ್ಟಿಗೆ ಸೇರುತ್ತಾರೆ.

ಇತ್ತ ನೌಕರಿ ಎಂದರೆ ಈ ಭಾಗದ ಮನೆಗಳಲ್ಲಿ ಮೊದಲು ನೆನಪಾಗುವುದು ಸರ್ಕಾರಿ ನೌಕರಿಯೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಚಿನ್ನದ ಗಣಿ ಇದೆ. ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಸಾರಿಗೆ ಸಂಸ್ಥೆ ಇದೆ, 2021ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದು ಹೆಸರು. ಪೊಲೀಸ್ ಇಲಾಖೆ, ಶಾಲೆ, ಕಂದಾಯ ಕಚೇರಿಗಳಿವೆ. ವರ್ಷಗಟ್ಟಲೆ ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಸ್ಥಳೀಯರಿಗೆ ಹುದ್ದೆಗಳಲ್ಲಿ ಮೀಸಲಾತಿಯೂ ಸಿಕ್ಕಿತು. ಇಷ್ಟೆಲ್ಲ ಬಾಗಿಲು ತೆರೆದು ಒಳಗೆ ಕಾಲಿಡುವ ಹೊತ್ತಿಗೆ ಹೊಸ್ತಿಲಲ್ಲಿ ಪೊಲೀಸ್ ಪರಿಶೀಲನೆ ಕೂತಿರುತ್ತದೆ.

ದಂಡ ಕಟ್ಟಿದರೆ ಮುಗಿಯಿತೆ?

ಒಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಬೇರೂರಿಬಿಟ್ಟಿದೆ. ಊರಲ್ಲಿ ರಾಜಿಯಾದರೆ ಕೋರ್ಟಿನಲ್ಲೂ ಆದಂತೆ, ದಂಡ ಕಟ್ಟಿದರೆ ಕೇಸೇ ಮುಗಿದಂತೆ ಎಂದು ಜನ ನಂಬುತ್ತಾರೆ. ಎರಡೂ ನಿಜವಲ್ಲ.

ರಾಜಿಗೆ ಒಳಪಡುವ ಕಲಂಗಳು ಕೆಲವು, ಒಳಪಡದವು ಹಲವು. ಸಣ್ಣ ಹೊಡೆತ, ಬೈಗುಳದಂಥ ಅಪರಾಧಗಳನ್ನು ನೊಂದವರು ನ್ಯಾಯಾಲಯದ ಮುಂದೆ ಬಂದು ರಾಜಿ ಮಾಡಿಕೊಳ್ಳಬಹುದು. ಹಾಗೆ ಮಾಡಿಕೊಂಡರೆ ಕಾನೂನಿನ ಪ್ರಕಾರ ಅದಕ್ಕೆ ಖುಲಾಸೆಯ ಬೆಲೆಯೇ ಇದೆ. ಆದರೆ ದೊಂಬಿ, ಅಕ್ರಮ ಕೂಟದ ಕಲಂಗಳಿಗೆ ಈ ದಾರಿ ಇಲ್ಲ. ಅಲ್ಲಿ ಒಂದೋ ವಿಚಾರಣೆ ಮುಗಿದು ಖುಲಾಸೆಯಾಗಬೇಕು, ಇಲ್ಲವೇ ಹೈಕೋರ್ಟು ಪ್ರಕರಣವನ್ನು ರದ್ದುಪಡಿಸಬೇಕು. ಖಾಸಗಿ ಸ್ವರೂಪದ ಜಗಳಗಳಲ್ಲಿ ಎರಡೂ ಕಡೆಯವರು ಒಂದಾಗಿದ್ದರೆ, ರಾಜಿಗೆ ಒಳಪಡದ ಪ್ರಕರಣವನ್ನೂ ಹೈಕೋರ್ಟು ರದ್ದುಮಾಡಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ರಾಯಚೂರು ಜಿಲ್ಲೆಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಹೈಕೋರ್ಟಿನ ಪೀಠವಿದೆ. ಗುಡಿಯ ಕಟ್ಟೆಯ ಮೇಲೆ ಕೈಕೈ ಹಿಡಿಸಿದ ಹಿರಿಯರು ಈ ಒಂದು ಕೆಲಸವನ್ನೂ ಮುಗಿಸಿಕೊಟ್ಟರೆ ಎಷ್ಟೋ ಹುಡುಗರ ದಾರಿ ಸಲೀಸಾದೀತು.

ದಂಡದ ವಿಷಯ ಇದಕ್ಕಿಂತ ಮೋಸದ್ದು. ದೀಪಾವಳಿ, ಯುಗಾದಿಯ ರಾತ್ರಿ ಅಂದರ್ ಬಾಹರ್ ಆಡುತ್ತ ಸಿಕ್ಕಿಬಿದ್ದವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. "ತಪ್ಪಾತ್ರಿ ಅಂತ ಒಪ್ಕೊಂಡ್ಬಿಡು, ಒಂದಿಷ್ಟು ದಂಡ, ಮಧ್ಯಾಹ್ನಕ್ಕ ಮನಿಗೆ ಹೋಗ್ತಿ" ಎಂದು ಪಕ್ಕದವರು ಹೇಳುತ್ತಾರೆ. ಹುಡುಗ ಒಪ್ಪಿಕೊಳ್ಳುತ್ತಾನೆ, ದಂಡ ಕಟ್ಟುತ್ತಾನೆ, ಮನೆಗೆ ಹೋಗುತ್ತಾನೆ. ಅವನ ಪಾಲಿಗೆ ಅದು ಬಸ್ಸಿನ ಟಿಕೆಟ್ಟು ತೆಗೆಸಿದಷ್ಟೇ ಸಣ್ಣ ವ್ಯವಹಾರ. ಕಾಗದದ ಮೇಲೆ ಮಾತ್ರ ಅವನು ಅಪರಾಧಿಯೆಂದು ತೀರ್ಮಾನವಾಗಿ ಶಿಕ್ಷೆ ಪಡೆದವನು. ತಪ್ಪು ಒಪ್ಪಿಕೊಂಡು ಕಟ್ಟಿದ ದಂಡ ಶಿಕ್ಷೆಯೇ. ನಾಲ್ಕು ವರ್ಷದ ನಂತರ ನಮೂನೆಯಲ್ಲಿ "ದಂಡವಾಗಿತ್ತೆ?" ಎಂಬ ಪ್ರಶ್ನೆ ಎದುರಾದಾಗ ಅವನಿಗೆ ಆ ಮಧ್ಯಾಹ್ನ ನೆನಪಿಗೂ ಬರುವುದಿಲ್ಲ. ಠಾಣೆಯ ದಾಖಲೆ ಮರೆಯುವುದಿಲ್ಲ.

ನ್ಯಾಯಾಲಯ ಏನು ಹೇಳಿದೆ

ಈ ಕಾಲಂ ಕುರಿತು ದೇಶದ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ಎರಡು ದನಿಗಳಿದ್ದವು. ಸುಳ್ಳು ಬರೆದವನು ಶಿಸ್ತಿನ ಇಲಾಖೆಗೆ ಬೇಡ ಎಂಬುದು ಒಂದು. ಹುಡುಗು ವಯಸ್ಸಿನ ತಪ್ಪಿಗೆ ಜೀವನವಿಡೀ ಹಣೆಪಟ್ಟಿ ಬೇಡ ಎಂಬುದು ಇನ್ನೊಂದು. 2011ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೆಬಲ್ ಹುದ್ದೆಯ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. ಇಪ್ಪತ್ತರ ವಯಸ್ಸಿನಲ್ಲಿ ಹೊಡೆದಾಟದ ಕೇಸಿನಲ್ಲಿ ಸಿಕ್ಕಿ, ರಾಜಿಯಾಗಿ ಬಿಡುಗಡೆಯಾದ ಯುವಕ ಅದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ತೀರ್ಪಿನಲ್ಲಿ ಫ್ರಾನ್ಸಿನ ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್‌ಜೀನ್‌ನನ್ನು ನೆನೆದರು. ಹಸಿದವರಿಗಾಗಿ ಒಂದು ರೊಟ್ಟಿ ಕದ್ದು ಬದುಕಿಡೀ ಕಳ್ಳನೆನಿಸಿಕೊಂಡವನು ಅವನು. ಯುವಕನ ಪರವಾಗಿ ತೀರ್ಪು ಬಂತು.

ಎರಡು ದನಿಗಳನ್ನು ಒಂದು ಹದಕ್ಕೆ ತಂದದ್ದು 2016ರ ಅವತಾರ್ ಸಿಂಗ್ ಪ್ರಕರಣ. ಮೂವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಸ್ಪಷ್ಟ ಸೂತ್ರಗಳನ್ನು ಹಾಕಿಕೊಟ್ಟಿತು. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ತಿಳಿದಿರಬೇಕಾದವು ಅವು.

ಮೊದಲನೆಯದು, ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು. ಬಂಧನವಿರಲಿ, ಖುಲಾಸೆಯಿರಲಿ, ಬಾಕಿ ಕೇಸಿರಲಿ, ಮುಚ್ಚಿಡಬಾರದು. ಎರಡನೆಯದು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾಗಿದ್ದರೆ, ಅದನ್ನು ಬರೆಯದೆ ಬಿಟ್ಟಿದ್ದರೂ ನೇಮಕ ಮಾಡುವವರು ಆ ಲೋಪವನ್ನು ಮನ್ನಿಸಬಹುದು. ಮೂರನೆಯದು, ಕ್ಷುಲ್ಲಕವಲ್ಲದ ಅಪರಾಧದಲ್ಲಿ ಶಿಕ್ಷೆಯಾಗಿದ್ದು ಅದನ್ನು ಮುಚ್ಚಿಟ್ಟಿದ್ದರೆ ನೇಮಕ ರದ್ದಾಗಬಹುದು. ನಾಲ್ಕನೆಯದು, ಘೋರ ಅಪರಾಧದಲ್ಲಿ ತಾಂತ್ರಿಕ ಕಾರಣಕ್ಕೆ ಖುಲಾಸೆಯಾಗಿದ್ದರೆ ಎಲ್ಲ ಸಂಗತಿಗಳನ್ನು ತೂಗಿ ನೋಡುವ ಅಧಿಕಾರ ನೇಮಕ ಮಾಡುವವರಿಗಿದೆ. ಐದನೆಯದು, ತನ್ನ ಮೇಲೆ ಕೇಸಿರುವುದೇ ಅಭ್ಯರ್ಥಿಗೆ ಗೊತ್ತಿರಲಿಲ್ಲವಾದರೆ ಅದನ್ನೂ ಗಮನಿಸಬೇಕು. ಪಟ್ಟಿಯ ಏಳನೆಯ ಹೆಸರಿನವರಿಗೆ ಎಷ್ಟೋ ಸಲ ಹಾಗೇ ಆಗಿರುತ್ತದೆ. ಆರನೆಯದು, ನಮೂನೆಯ ಪ್ರಶ್ನೆಯೂ ಸ್ಪಷ್ಟವಾಗಿರಬೇಕು. ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ದಂಡಿಸುವಂತಿಲ್ಲ.

ಇದೇ ತೀರ್ಪಿನ ಇನ್ನೊಂದು ಮುಖವನ್ನೂ ಹೇಳಬೇಕು. ನಿಜ ಬರೆದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದೇನೂ ಇಲ್ಲ. ಅಪರಾಧದ ಸ್ವರೂಪ, ಹುದ್ದೆಯ ಸ್ವರೂಪ ಎರಡನ್ನೂ ನೋಡುವ ಹಕ್ಕು ಇಲಾಖೆಗಿದೆ. ಪೊಲೀಸ್ ಹುದ್ದೆಗೆ ಅಳೆಯುವ ಗಜವೇ ಬೇರೆ, ಕಚೇರಿಯ ಜವಾನನ ಹುದ್ದೆಗೆ ಅಳೆಯುವ ಗಜವೇ ಬೇರೆ. ಆದರೂ ನಿಜ ಬರೆದವನ ಕೈಯಲ್ಲಿ ವಾದಕ್ಕೊಂದು ನೆಲೆ ಇರುತ್ತದೆ. ಸುಳ್ಳು ಬರೆದವನು ಮೊದಲು ಸುಳ್ಳಿಗೆ ಸಮಜಾಯಿಷಿ ಕೊಡಬೇಕು, ಆಮೇಲೆ ಜಗಳಕ್ಕೆ.

ಆ ಸಮಜಾಯಿಷಿಗೆ ಎಷ್ಟು ಕಾಲ ಹಿಡಿಯಬಹುದು? ಉತ್ತರ ಪ್ರದೇಶದ ಒಬ್ಬ ಯುವಕ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿದ್ದ. ಅಷ್ಟರಲ್ಲಾಗಲೇ ಖುಲಾಸೆಯಾಗಿದ್ದ ಕೇಸೊಂದನ್ನು ಪ್ರಮಾಣಪತ್ರದಲ್ಲಿ ಬರೆಯಲಿಲ್ಲವೆಂದು 2005ರಲ್ಲಿ ಅವನ ಆಯ್ಕೆ ರದ್ದಾಯಿತು. ಪ್ರತಿಯೊಂದು ಲೋಪವನ್ನೂ ಅನರ್ಹತೆಯೆಂದು ಎಣಿಸುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟು ಅವನ ಪರವಾಗಿ ಆದೇಶ ನೀಡಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ಹತ್ತೊಂಬತ್ತು ವರ್ಷ ಕಳೆದಿತ್ತು. ಗೆದ್ದದ್ದು ನಿಜ, ಆದರೆ ಆ ಹತ್ತೊಂಬತ್ತು ವರ್ಷದ ಸಂಬಳವೂ ಇಲ್ಲ, ಯೌವನವೂ ಇಲ್ಲ.

ಕಣ್ಣಿಗೆ ಬೀಳದ ಹನ್ನೆರಡನೆಯ ಕಲಂ

ನಿಜವಾಗಿ ತಪ್ಪು ಮಾಡಿದವರಿಗೂ ಕಾನೂನು ಒಂದು ಕಿಟಕಿ ಇಟ್ಟಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಕೋರ್ಟಿನ ಭಾಷೆಯ ಪ್ರೊಬೇಷನ್ ಕಾಯ್ದೆ, ಅದು. ಮರಣದಂಡನೆ ಅಥವಾ ಜೀವಾವಧಿಯಂಥ ಶಿಕ್ಷೆಯ ಅಪರಾಧಗಳಲ್ಲದಿದ್ದರೆ, ಅಪರಾಧಿಯ ವಯಸ್ಸು, ನಡತೆ, ಸಂದರ್ಭ ನೋಡಿ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ. ಸಣ್ಣ ತಪ್ಪಾದರೆ ಎಚ್ಚರಿಕೆ ಹೇಳಿ ಕಳಿಸಬಹುದು. ಇಪ್ಪತ್ತೊಂದು ತುಂಬದವರನ್ನಂತೂ ಇಂಥ ಅಪರಾಧಗಳಲ್ಲಿ ಜೈಲಿಗೆ ಕಳಿಸುವುದಾದರೆ ಕಾರಣ ಬರೆಯಬೇಕು.

ಈ ಕಾಯ್ದೆಯ 12ನೆಯ ಕಲಂ ಬಲು ಮುಖ್ಯವಾದದ್ದು. ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯಾದ ಕಾರಣದಿಂದ ಅಂಟಿಕೊಳ್ಳುವ ಅನರ್ಹತೆ ಅಂಟುವುದಿಲ್ಲ ಎನ್ನುತ್ತದೆ ಅದು. ಇದಕ್ಕೂ ಮಿತಿಯುಂಟು. ಅನರ್ಹತೆ ಹೋಗುತ್ತದೆಯೇ ಹೊರತು ಅಪರಾಧದ ತೀರ್ಮಾನವೇ ಅಳಿಸಿಹೋಗುವುದಿಲ್ಲ, ಆಗಲೇ ನೌಕರಿಯಲ್ಲಿರುವವನ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದರೂ ಮುಂದೆ ಅರ್ಜಿ ಹಾಕಬೇಕಾದ ಹುಡುಗನಿಗೆ ಇದು ದೊಡ್ಡ ಆಸರೆ. ತೊಂದರೆಯೆಂದರೆ ಕೇಳದೆ ಇದು ಸಿಗುವುದು ಅಪರೂಪ. ದಂಡ ಕಟ್ಟಿ ಮಧ್ಯಾಹ್ನಕ್ಕೆ ಮನೆ ಸೇರುವ ಅವಸರದಲ್ಲಿ ಯಾರೂ ಕೇಳುವುದಿಲ್ಲ.

ಹದಿನೆಂಟು ತುಂಬುವ ಮೊದಲೇ ತಪ್ಪು ಮಾಡಿದ್ದರೆ ರಕ್ಷಣೆ ಇನ್ನೂ ಗಟ್ಟಿ. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ ಪ್ರಕಾರ ಆ ತೀರ್ಮಾನದಿಂದ ಮಗುವಿಗೆ ಯಾವ ಅನರ್ಹತೆಯೂ ಬರಕೂಡದು, ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು. ಹದಿನಾರು ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾದ ಪ್ರಕರಣಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬುದು ನಿಜವಾದ ಅಡ್ಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅದಕ್ಕೂ ದಾರಿ ಮಾಡಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ವರಮಾನ ಕಡಿಮೆ ಇರುವವರು ಉಚಿತ ವಕೀಲರನ್ನು ಕೇಳಿ ಪಡೆಯಬಹುದು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಜೈಲಿನಿಂದ ಬಂದವನ ಬೆಳಗು

ಇದು ನಮೂನೆ ತುಂಬುವವರ ಮಾತಾಯಿತು. ಯಾವ ನಮೂನೆಯನ್ನೂ ತುಂಬಲು ಹೋಗದವರ ಪಾಡು ಬೇರೆ. ಜೈಲಿನಿಂದ ಬಂದವನ ಚರಿತ್ರೆ ಊರಲ್ಲಿ ಯಾವ ಪರಿಶೀಲನೆಯೂ ಇಲ್ಲದೆ ಎಲ್ಲರಿಗೂ ಗೊತ್ತಿರುತ್ತದೆ. ಅವನು ಶಿಕ್ಷೆಯಾದವನೋ, ವಿಚಾರಣೆಯ ಕಾಲದಲ್ಲಿ ಒಳಗಿದ್ದು ಖುಲಾಸೆಯಾಗಿ ಬಂದವನೋ ಎಂಬ ಭೇದವನ್ನು ಯಾರೂ ಎಣಿಸುವುದಿಲ್ಲ. ಆದರೆ ಭೇದ ದೊಡ್ಡದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ.

"ಒಳಗ ಹೋಗಿ ಬಂದಾನ" ಎಂಬ ಒಂದು ಮಾತು ಅಂಥವನಿಗಿಂತ ಮೊದಲೇ ಗಿರಣಿ ಮುಟ್ಟಿರುತ್ತದೆ. ಹಮಾಲಿ ಕೆಲಸಕ್ಕೆ ಮೇಸ್ತ್ರಿ "ನಾಳೆ ನೋಡೋಣು" ಎನ್ನುತ್ತಾನೆ. ಟ್ರ್ಯಾಕ್ಟರ್ ಓಡಿಸಲು ಬರುತ್ತದೆಂದರೂ ಕೀಲಿ ಕೊಡುವವರಿಲ್ಲ. ಬೆಂಗಳೂರಿನ ಬಸ್ಸು ಹತ್ತಿದರೆ ಅಲ್ಲಿ ಗುರುತಿಲ್ಲದ ಊರಿನ ಅನುಕೂಲವುಂಟು. ಆದರೆ ಅಲ್ಲೂ ಕಾವಲುಗಾರನ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬೇಕು, 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಉಳಿಯುವುದು ಗಾರೆ ಕೆಲಸ, ಮೂಟೆ ಹೊರುವುದು. ದುಡಿಮೆಯೇ ಸಿಗದವನು ಹಳೆಯ ದಾರಿಗೆ ಮರಳಿದರೆ "ಅಂವ ಸುಧಾರಸೂದಿಲ್ಲ" ಎಂದು ಊರು ಷರಾ ಬರೆಯುತ್ತದೆ.

ಮಾಲಕರ ಅಂಜಿಕೆಯನ್ನೂ ತಳ್ಳಿಹಾಕುವಂತಿಲ್ಲ. ಗಲ್ಲಾ ಪೆಟ್ಟಿಗೆ ಅವರದು, ಮನೆಯಲ್ಲಿ ಹೆಣ್ಣುಮಕ್ಕಳಿರುತ್ತಾರೆ, ನಾಳೆ ಏನಾದರೂ ಆದರೆ ಕೇಳುವವರು ಅವರನ್ನೇ. ಆದರೆ ಅಪರಾಧಕ್ಕೂ ಕೆಲಸಕ್ಕೂ ಏನಾದರೂ ಸಂಬಂಧವಿದೆಯೆ ಎಂದು ಯೋಚಿಸುವುದರಿಂದ ನಷ್ಟವಿಲ್ಲ. ಹಣ ನುಂಗಿದವನ ಕೈಗೆ ಗಲ್ಲಾ ಕೊಡದಿರುವುದು ಜಾಣತನ. ಬದುವಿನ ಜಗಳದಲ್ಲಿ ಜೈಲು ಕಂಡವನಿಗೆ ಭತ್ತದ ಚೀಲ ಹೊರಲೂ ಬಿಡದಿರುವುದು ಜಾಣತನವಲ್ಲ.

ಬೇರೆ ದೇಶಗಳು ಇದನ್ನು ಮಾಲಕರ ಒಳ್ಳೆಯತನಕ್ಕಷ್ಟೇ ಬಿಟ್ಟಿಲ್ಲ. ಬ್ರಿಟನ್ನಿನಲ್ಲಿ 1974ರಿಂದಲೇ ಒಂದು ಕಾಯ್ದೆಯಿದೆ. ಶಿಕ್ಷೆ ಮುಗಿದು ನಿಗದಿಯಾದ ಕಾಲ ಮತ್ತೆ ತಪ್ಪು ಮಾಡದೆ ಬದುಕಿದರೆ ಬಹುಪಾಲು ಅಪರಾಧಗಳು "ಸವೆದುಹೋದವು" ಎಂದು ಲೆಕ್ಕ. ಆಮೇಲೆ ಹೆಚ್ಚಿನ ನೌಕರಿಗಳಿಗೆ ಅದನ್ನು ಹೇಳಬೇಕಾಗಿಲ್ಲ. ಮಕ್ಕಳ ನಡುವಿನ ಕೆಲಸದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಮೆರಿಕದ ಹವಾಯಿ ರಾಜ್ಯ 1998ರಲ್ಲಿ ಅರ್ಜಿಯ ಮೊದಲ ಹಂತದಲ್ಲಿ ಈ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿತು. ಮೊದಲು ಯೋಗ್ಯತೆ ನೋಡಿ, ಹಳೆಯದನ್ನು ಆಮೇಲೆ ಕೇಳಿ ಎಂಬುದು ಅದರ ತಾತ್ಪರ್ಯ. ಭಾರತದಲ್ಲಿ ವಯಸ್ಕರಿಗೆ ಹೀಗೆ ಸವೆದುಹೋಗುವ ಕಾನೂನಿಲ್ಲ. ಜೈಲು ಸುಧಾರಣೆ ಕುರಿತ ನ್ಯಾಯಮೂರ್ತಿ ಮುಲ್ಲಾ ಸಮಿತಿಯಿಂದ ಹಿಡಿದು 2023ರ ಮಾದರಿ ಕಾರಾಗೃಹ ಕಾಯ್ದೆಯವರೆಗೆ ಬಿಡುಗಡೆಯಾದವರ ಪುನರ್ವಸತಿಯ ಮಾತು ಕಾಗದದ ಮೇಲಿದೆ. ಅದು ತಾಲ್ಲೂಕು ಮಟ್ಟಕ್ಕೆ ಇಳಿದು ಒಂದು ಕೂಲಿಯಾಗಬೇಕು, ಒಂದು ಸಾಲದ ಅರ್ಜಿಯಾಗಬೇಕು.

ಬಾಗಿಲು ತೆರೆದರೆ ಏನಾದೀತು ಎಂಬುದಕ್ಕೆ ನೆರೆಯ ಕಲಬುರಗಿ ಜಿಲ್ಲೆಯಲ್ಲೇ ಉದಾಹರಣೆಯಿದೆ. ಅಫಜಲಪುರ ಕಡೆಯ ಯುವಕನೊಬ್ಬ 1997ರಲ್ಲಿ ವೈದ್ಯಕೀಯ ಓದಲು ಸೇರಿದ್ದ. 2002ರಲ್ಲಿ ಕೊಲೆ ಪ್ರಕರಣದಲ್ಲಿ ಜೈಲು ಸೇರಿದ. ಒಳಗೆ ಜೈಲಿನ ಹೊರರೋಗಿ ವಿಭಾಗದಲ್ಲಿ ದುಡಿದ. ಸನ್ನಡತೆಯ ಮೇಲೆ 2016ರ ಸ್ವಾತಂತ್ರ್ಯ ದಿನದಂದು ಬಿಡುಗಡೆಯಾದ. ಮತ್ತೆ ಕಾಲೇಜಿಗೆ ಹೋಗಿ ತನಗಿಂತ ಎಷ್ಟೋ ಚಿಕ್ಕವರ ಜತೆ ಕೂತು ಓದಿ 2019ರಲ್ಲಿ ಎಂಬಿಬಿಎಸ್ ಮುಗಿಸಿದ. ಎಲ್ಲರೂ ಹೀಗೆ ವೈದ್ಯರಾಗಲಾರರು. ಆದರೆ ಅವನ ಛಲದಷ್ಟೇ ದೊಡ್ಡದು, ಅವನಿಗೆ ಮತ್ತೆ ಬೆಂಚಿನ ಮೇಲೆ ಜಾಗ ಕೊಟ್ಟವರ ಧೈರ್ಯ.

ಮಸ್ಕಿಯ ಕಲ್ಲು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಹಿಂದೆ ಲಿಂಗಸುಗೂರಿಗೆ ಸೇರಿದ್ದ ಊರು ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಅಲ್ಲಿಯ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಸಾರಿದ ಶಾಸನ ಅದು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದರಲ್ಲಿರುವ ಮಾತಿನ ಕಡೆ ಗಮನ ಹೋಗುವುದು ಕಡಿಮೆ. ಈ ಮೇಲ್ಮೆ ದೊಡ್ಡವರಿಗಷ್ಟೇ ಎಟಕುವುದೆಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಎಟಕುತ್ತದೆ ಎಂಬುದು ಅದರ ಸಾರ.

ಹಾಗೆ ಬರೆಸಿದವನ ಮೇಲೂ ಒಂದು ಹಳೆಯ ಲೆಕ್ಕವಿತ್ತು. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು ಎಂದು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಅಶೋಕ ತಾನೇ ಬರೆಸಿದ. ಯಾರೂ ಕೇಳುವ ಮೊದಲೇ ಆ ಕಾಲಂ ತುಂಬಿದ ದೊರೆ ಅವನು. ನೋವುಂಡ ಕಳಿಂಗದ ನೆಲದಲ್ಲಿ, ಧೌಲಿ ಮತ್ತು ಜೌಗಡದಲ್ಲಿ, ಅವನೂ ಆ ಶಾಸನವನ್ನು ಕೊರೆಸಲಿಲ್ಲ. ನಿಜ ಹೇಳುವುದು ಚಕ್ರವರ್ತಿಗೂ ಎಲ್ಲ ಕಡೆ ಸುಲಭವಾಗಿರಲಿಲ್ಲವೆಂದು ಕಾಣುತ್ತದೆ. ಸೆರೆಯಲ್ಲಿದ್ದವರ ಬಗ್ಗೆ ಮಾತ್ರ ಅವನಿಗೆ ಮರೆವಿರಲಿಲ್ಲ. ಪಟ್ಟವೇರಿದ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಸಲ ಬಂದಿಗಳನ್ನು ಬಿಡಿಸಿದೆನೆಂದು ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮಕ್ಕಳು ಮರಿ ಇರುವ ಸೆರೆಯಾಳುಗಳನ್ನು ಕಂಡು ನೆರವಾಗಲು ಅಧಿಕಾರಿಗಳನ್ನೇ ನೇಮಿಸಿದ್ದ.

ಇನ್ನು ಜೆರಾಕ್ಸ್ ಅಂಗಡಿಯ ಮುಂದೆ ನಿಂತ ಹುಡುಗ. ಅವನು ಮಾಡಬೇಕಾದದ್ದು ಬಹಳವಿಲ್ಲ. ಪೆನ್ನು ಮುಚ್ಚಿ, ನಮೂನೆ ಮಡಚಿ, ಮೊದಲು ಕೋರ್ಟಿಗೆ ಹೋಗಬೇಕು. ಕೇಸಿನ ನಂಬರು ಗೊತ್ತಿಲ್ಲದಿದ್ದರೆ ಹೆಸರು ಅಥವಾ ಎಫ್‌ಐಆರ್ ನಂಬರು ಹಾಕಿ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿಸಬಹುದು. ಕೇಸು ಇನ್ನೂ ಬಾಕಿ ಇದೆಯೋ, ಖುಲಾಸೆಯಾಗಿದೆಯೋ ತಿಳಿಯಬೇಕು. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ನಕಲು ತೆಗೆಸಬೇಕು. ಬಾಕಿ ಇದ್ದರೆ ವಕೀಲರನ್ನು ಕಂಡು, ಎದುರು ಮನೆಯವರನ್ನೂ ಕರೆದುಕೊಂಡು ಅದನ್ನು ಮುಗಿಸುವ ದಾರಿ ಹಿಡಿಯಬೇಕು. ಆಮೇಲೆ ಆ ಕಾಲಂನಲ್ಲಿ ಠಾಣೆಯ ಹೆಸರು, ಗುನ್ನೆ ನಂಬರು, ಕಲಂಗಳು, ಕೋರ್ಟು, ಕೇಸು ಯಾವ ಹಂತದಲ್ಲಿದೆ ಎಂಬುದು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು ನಕಲು ಲಗತ್ತಿಸಬೇಕು.

ನಾಳೆ ಪೊಲೀಸ್ ವರದಿ ಹೋದಾಗ ಅದರಲ್ಲಿ ಹೊಸದೇನೂ ಇರಬಾರದು. ಮೇಜಿನಾಚೆ ಕೂತ ಅಧಿಕಾರಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಸಂಗತಿ ಎರಡು ಕಡೆ ಕಾಣಬೇಕು. ಅಷ್ಟರ ಮೇಲೆ ತೂಗಿ ನೋಡುವ ಕೆಲಸ ಅವರದು. ಸಂಜೆಯ ಬಸ್ಸಿಗೆ ಹುಡುಗ ಊರಿಗೆ ಮರಳುತ್ತಾನೆ. "ಏನಾತೋ, ಕೊಟ್ಟು ಬಂದ್ಯಾ?" ಎಂದು ತಾಯಿ ಕೇಳುತ್ತಾಳೆ. "ಇನ್ನ ಎರಡ ದಿನ ಬೇಕವ್ವಾ. ಒಂದ ಕಾಗದ ತಗಸೂದೈತಿ."